ಎರಡು ಬೋಟು, ಒಬ್ಬ ಪಂಪ್‌ಸೆಟ್ ಮಿಸ್ತ್ರಿ

ಕೆಲವರ ಹಣೆಯಲ್ಲಿ ರಾಜಯೋಗ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ವಿಮಾನಯೋಗ. ನನ್ನ ಹಣೆಯಲ್ಲಿ ಮಾತ್ರ, ಇವನಿಗೆ ಗೊತ್ತಿಲ್ಲದ ಕೆಲಸವೇ ಇವನನ್ನು ಹುಡುಕಿಕೊಂಡು ಬರಲಿ ಅಂತ ಬರೆದಂತೆ ಕಾಣುತ್ತದೆ. ವರ್ಷಕ್ಕೊಂದು ಸಲವಾದರೂ ಹೀಗೊಂದು ಗಂಟು ಬೀಳದೆ ಇರುವುದಿಲ್ಲ.

ಬಾಗಲಕೋಟೆಯಲ್ಲಿ ನನ್ನದು ಪಂಪ್‌ಸೆಟ್ ಮತ್ತು ಡೀಸೆಲ್ ಇಂಜಿನ್ ರಿಪೇರಿ ಅಂಗಡಿ. ಮೂವತ್ತು ವರ್ಷದ ಕಸುಬು. ಇಂಜಿನ್ ಮುಟ್ಟುವುದೂ ಬೇಡ, ಸಪ್ಪಳ ಕೇಳಿ ರೋಗ ಹೇಳುತ್ತೇನೆ ಎಂಬ ಹೆಸರಿದೆ. ಹುನಗುಂದದ ಕಡೆಯ ರೈತರು ಫೋನು ಮಾಡಿ, ಫೋನನ್ನೇ ಮೋಟರಿನ ಬದಿಗೆ ಹಿಡಿಯುತ್ತಾರೆ. ಒಮ್ಮೆ ಹೀಗೇ ಒಬ್ಬರು ಹಿಡಿದರು. ಗರ್ ಗರ್ ಅಂತ ಸಪ್ಪಳ. "ಬೇರಿಂಗ್ ಪೂರಾ ಹೋಗೇತ್ರಿ, ತಕ್ಷಣ ಬಂದ್ ಮಾಡ್ರಿ" ಅಂದೆ. ಆ ಕಡೆಯಿಂದ ದನಿ ಬಂತು: "ಮೋಟರ್ ಇನ್ನೂ ಚಾಲೂನ ಮಾಡಿಲ್ರಿ ಮಿಸ್ತ್ರಿ. ಬಾಜೂಕ ನಮ್ಮ ಮಾವ ಮಲ್ಕೊಂಡಾರ."

ಇಂಥ ಖ್ಯಾತಿ ಇದ್ದವನಿಗೆ ಬೋಟು ಗಂಟುಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1. ಒಂದೇ ಫೋಟೋ

ವಿದ್ಯಾಗಿರಿಯಲ್ಲಿ ಎಲುಬಿನ ಡಾಕ್ಟರ್ ಒಬ್ಬರಿದ್ದಾರೆ. ನನ್ನ ಮುರಿದ ಮುಂಗೈ ಕೂಡಿಸಿದವರು. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ಮಿಸ್ತ್ರಿ, ನನಗೊಂದು ಬೋಟ್ ಆರಿಸಿ ಕೊಡ್ರಿ."

ನಾನು ಸ್ಪಾನರ್ ಕೆಳಗಿಟ್ಟೆ. "ಡಾಕ್ಟರ್ ಸಾಹೇಬ್ರ, ನಾ ಬೋಟ್ ನೋಡಿದ್ದು ಕ್ಯಾಲೆಂಡರಿನ್ಯಾಗ."

"ಅದರಾಗೇನೈತಿ? ಪಂಪ್‌ಸೆಟ್ ನೀರ ದೂಡತೈತಿ, ಬೋಟೂ ನೀರ ದೂಡತೈತಿ. ಪಂಪ್‌ಸೆಟ್ ನಿಂತಲ್ಲೆ ನಿಂತಿರತೈತಿ, ಇದು ಮುಂದ ಹೋಗತೈತಿ. ಅಷ್ಟ ಫರಕು."

ವಿಷಯ ಹೀಗಿತ್ತು. ಡಾಕ್ಟರರು ಹುಟ್ಟಿದ ಮನೆ ಹಳೆ ಬಾಗಲಕೋಟೆಯಲ್ಲಿ, ಈಗ ಡ್ಯಾಮಿನ ಹಿನ್ನೀರಿನ ಕೆಳಗೆ. ಅವರ ತಾಯಿಗೆ ಎಂಬತ್ತು ದಾಟಿದೆ, ಮಗ ಸೊಸೆಯ ಜೊತೆ ವಿದ್ಯಾಗಿರಿಯಲ್ಲಿ ಸುಖವಾಗಿದ್ದಾರೆ. ಏನು ಬೇಕೆಂದು ಎಂದೂ ಕೇಳಿದವರಲ್ಲ. ಈ ವರ್ಷ ಮಾತ್ರ, "ತಮ್ಮಾ, ಒಮ್ಮೆ ನಮ್ಮ ಮನಿ ಮಟ ಹೋಗಿ ಬರೂಣು" ಅಂದರಂತೆ. ಡಾಕ್ಟರರಿಗೆ ನೀರಿನ ಮೇಲೆ ತಿರುಗಾಡುವ ಆಸೆ ಮೊದಲಿನಿಂದ ಇತ್ತು. ತಾಯಿಯ ಮಾತು ಸಿಕ್ಕಿದ್ದೇ ನೆಪವಾಗಿ, ಮೋಜಿನ ಮೋಟರ್ ಬೋಟು ಕೊಳ್ಳುವುದೆಂದು ನಿರ್ಧಾರವಾಯಿತು. ಹೊಸದು ಕೈಗೆಟುಕದು. ಕಾರವಾರದ ಕಡೆ ಬಳಸಿದವು ಎರಡಿದ್ದವು.

ಫೋನಿನಲ್ಲಿ ಫೋಟೋ ತೋರಿಸಿದರು. ಬಿಳಿ ಬೋಟು, ನೀಲಿ ಪಟ್ಟೆ, ಆರು ಮಂದಿ ಕೂರುವಷ್ಟು ಜಾಗ, ಹಿಂದೆ ಇಂಜಿನ್. ಬೆರಳಿನಿಂದ ಸರಿಸಿ ಇನ್ನೊಂದು ತೋರಿಸಿದರು. ಬಿಳಿ ಬೋಟು, ನೀಲಿ ಪಟ್ಟೆ, ಆರು ಮಂದಿ, ಹಿಂದೆ ಇಂಜಿನ್.

ನನ್ನ ಹೆಂಡತಿ ಚಹಾ ತಂದವಳು ಬಗ್ಗಿ ನೋಡಿದಳು. "ಡಾಕ್ಟರ್, ನೀವು ಅದ ಫೋಟೋ ಎರಡ ಸಲ ತೋರಿಸಾಕತ್ತೀರಿ."

"ಇಲ್ಲ ವೈನಿ, ಇವೆರಡೂ ಬ್ಯಾರೆ ಬ್ಯಾರೆ. ಅದಕ್ಕ ನನಗ ಮಿಸ್ತ್ರಿ ಬೇಕಾಗ್ಯಾರ. ಅವ್ವನ್ನ ಕೂಡಿಸಿಕೊಂಡು ಹೋಗೂದು. ತಪ್ಪಿ ಕೆಟ್ಟದ್ದು ಆರಿಸಿದ್ರ ಹೆಂಗ?"

ಆ ಮಾತು ಕೇಳಿದ ಮೇಲೆ ಒಲ್ಲೆ ಅನ್ನಲು ಬಾಯಿ ಬರಲಿಲ್ಲ. ಹೆಂಡತಿಯೂ, "ನಾನೂ ಬರ್ತೇನಿ. ಸಮುದ್ರ ನೋಡಿಲ್ಲ" ಅಂದಳು. ನಾನು ಜಂಬದಿಂದ ಹೇಳಿದೆ: "ಬಾ. ಆದ್ರ ಅಲ್ಲಿ ನಡುವ ಬಾಯಿ ಹಾಕಬ್ಯಾಡ. ಇಂಜಿನ್ ವಿಚಾರ."

ಆ ಮಾತನ್ನು ಆಕೆ ಇಂದಿಗೂ ವಾರಕ್ಕೊಮ್ಮೆ ನನಗೆ ಹೇಳಿ ತೋರಿಸುತ್ತಾಳೆ.

2. ಕುತ್ತಿಗೆ ನೋವು

ಕಾರವಾರದ ಕಡೆ ಹೋದ ಮೇಲೆ ತಿಳಿಯಿತು, ಬೋಟುಗಳ ಮಾಲೀಕರಿಬ್ಬರು ಷಡ್ಡಕರು. ಅಕ್ಕ ತಂಗಿಯರ ಗಂಡಂದಿರು. ಯಾವುದೋ ಮದುವೆಯಲ್ಲಿ ಮೊದಲ ಪಂಕ್ತಿಗೆ ಯಾರನ್ನು ಕರೆದರು ಎಂಬ ಮಾತಿಗೆ ಜಗಳವಾಗಿ, ಅಂದಿನಿಂದ ಮಾತು ಬಂದ್. ಒಬ್ಬ ಬೋಟು ಕೊಂಡ ಅಂತ ಇನ್ನೊಬ್ಬ ಅಂಥದ್ದೇ ಕೊಂಡ. ಒಬ್ಬ ಮಾರುತ್ತೇನೆ ಅಂದ ಅಂತ ಇನ್ನೊಬ್ಬನೂ ಮಾರಲು ನಿಂತ. ಇಬ್ಬರ ಬೋಟೂ ಮಾವನ ಮನೆಯ ಅಂಗಳದಲ್ಲೇ ನಿಂತಿದ್ದವು, ನಡುವೆ ಒಂದು ತೆಂಗಿನ ಮರ. ಆ ಮರದ ಕೆಳಗೆ ನಾನು.

ದೊಡ್ಡ ಷಡ್ಡಕ ನನ್ನ ಕಡೆ ನೋಡಿ, "ಅವರಿಗೆ ಹೇಳಿ ಮಾರಾಯ್ರೇ, ಅವರ ಬೋಟನ್ನು ತೊಳೆದು ವರ್ಷವಾಯಿತು ಅಂತ" ಅಂದ.

ನಾನು ಎಡಕ್ಕೆ ತಿರುಗಿದೆ. ಹೇಳುವ ಮೊದಲೇ ಸಣ್ಣ ಷಡ್ಡಕ, "ಅವರಿಗೆ ಹೇಳಿ, ತೊಳೆಯದಿದ್ದರೂ ನನ್ನದು ಅಸಲಿ ಬಣ್ಣ. ಅವರದ್ದು ಮೊನ್ನೆ ಹೊಡೆಸಿದ್ದು" ಅಂದ.

ನಾನು ಬಲಕ್ಕೆ ತಿರುಗಿದೆ. "ಅವರಿಗೆ ಹೇಳಿ..."

ಎಡಕ್ಕೆ. "ಅವರಿಗೂ ಹೇಳಿ..."

ಇಬ್ಬರ ನಡುವೆ ನಾಲ್ಕು ಮಾರು ದೂರವೂ ಇರಲಿಲ್ಲ. ಅರ್ಧ ತಾಸು ಹೀಗೆ ನಡೆದ ಮೇಲೆ ಡಾಕ್ಟರ್ ಹಿಂದಿನಿಂದ ಬಂದು ನನ್ನ ಕುತ್ತಿಗೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು.

"ಮಿಸ್ತ್ರಿ, ಇನ್ನ ಹತ್ತ ನಿಮಿಷ ಇವರ ನಡುವ ನಿಂತ್ರ ಕುತ್ತಿಗಿಗೆ ಪಟ್ಟಾ ಹಾಕಬೇಕಾಗತೈತಿ. ಮೊದಲ ಬೋಟ್ ನೋಡ್ರಿ."

3. ಗಡಿಗೆ ಬಡಿದ ಹಾಗೆ

ನೋಡಿದೆ. ದೊಡ್ಡವನ ಬೋಟು ಹೊಳೆಯುತ್ತಿತ್ತು, ಮದುಮಗನ ಬೂಟಿನ ಹಾಗೆ. ಹೊಸದಾಗಿ ಹಾಕಿಸಿದ ಸೀಟಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಇಂಜಿನ್ನಿನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿಳಿಸಿ ಹಗ್ಗ ಎಳೆದೆ. ಮೊದಲ ಎಳೆತಕ್ಕೇ ಚಾಲೂ. ಪ್ಲಗ್ ಬಿಚ್ಚಿ ನೋಡಿದೆ, ಎಣ್ಣೆ ಮುಟ್ಟಿ ಮೂಸಿದೆ, ಕಿವಿ ಕೊಟ್ಟು ಕೇಳಿದೆ. ದೋಷವಿಲ್ಲ.

ಸಣ್ಣವನ ಬೋಟು ಮಂಕಾಗಿತ್ತು. ಸೀಟು ಒಂದು ಕಡೆ ಹರಿದಿತ್ತು. ಇಂಜಿನ್ ಮೂರನೆಯ ಎಳೆತಕ್ಕೆ ಎದ್ದಿತು, ಅದೂ ಗೊಣಗುತ್ತ.

ನಾನು ಕೈ ಒರೆಸಿಕೊಂಡು ತೀರ್ಪು ಕೊಟ್ಟೆ: "ಡಾಕ್ಟರ್, ಮೊದಲನೇದು ಹಿಡೀರಿ. ಕಣ್ಣು ಮುಚ್ಚಿ ಹಿಡೀರಿ."

"ಕಣ್ಣು ಮುಚ್ಚಿ ಯಾಕ ಹಿಡೀಬೇಕು?" ಅಂತ ಹಿಂದಿನಿಂದ ಬಂತು ಪ್ರಶ್ನೆ. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

ಆಕೆಯ ತವರು ಇಳಕಲ್ಲು. ಮನೆಯಲ್ಲಿ ಮಗ್ಗ, ಹುಟ್ಟಿದಾಗಿನಿಂದ ಲಾಳಿಯ ಸಪ್ಪಳ ಕೇಳಿ ಬೆಳೆದವಳು. "ಎರಡು ಸೀರಿ ಒಂದ ಥರ ಕಂಡ್ರ, ನಮ್ಮಪ್ಪ ಮ್ಯಾಲಿಂದ ನೋಡತಿದ್ದಿಲ್ಲ. ಹೊಳ್ಳಿಸಿ ನೋಡತಿದ್ದ. ಒಡಲು ಬ್ಯಾರೆ ನೂಲು, ಸೆರಗು ಬ್ಯಾರೆ ನೂಲು. ಎರಡೂ ಕೂಡಿಸಿದ ಜಾಗ ಗಟ್ಟಿ ಐತೋ ಇಲ್ಲೋ ನೋಡಬೇಕು. ಸೀರಿ ಹರಿಯೂದು ಅಲ್ಲೆ" ಅಂದಳು.

"ಇದು ಸೀರಿ ಅಲ್ಲ ಮಾರಾಯ್ತಿ, ಬೋಟ್."

"ಇಂಜಿನ್ನು ಬೋಟಿಗೆ ಕೂಡಿಸಿದ ಜಾಗ ಯಾವುದು?"

ನಾನು ತೋರಿಸಿದೆ. ಹಿಂದಿನ ದಪ್ಪ ಹಲಗೆಗೆ ನಾಲ್ಕು ಬೋಲ್ಟು ಹಾಕಿ ಇಂಜಿನ್ ತೂಗುಬಿಟ್ಟಿದ್ದರು. ಒಳಗೆ ಕಟ್ಟಿಗೆ, ಮೇಲೆ ಫೈಬರ್ ಹೊದಿಕೆ. ಆಕೆ ಸಂತೆಯಲ್ಲಿ ಗಡಿಗೆ ಕೊಳ್ಳುವವಳಂತೆ ಬೆರಳ ಗೆಣ್ಣಿನಿಂದ ಬಡಿಯುತ್ತ ಹೊರಟಳು. ಬೋಟಿನ ಬದಿ, ಠಣ್ ಠಣ್. ಮೂಲೆ, ಠಣ್ ಠಣ್. ಇಂಜಿನ್ನಿನ ಹತ್ತಿರ ಬಂದಾಗ, ಡಬ್.

ಇನ್ನೊಮ್ಮೆ ಬಡಿದಳು. ಡಬ್ ಡಬ್.

ಸಣ್ಣವನ ಬೋಟಿಗೆ ಹೋಗಿ ಅದೇ ಜಾಗ ಬಡಿದಳು. ಠಣ್!

"ಇದು ಸುಟ್ಟ ಗಡಿಗಿ. ಅದು ಹಸಿ ಗಡಿಗಿ" ಅಂದಳು.

ನಾನು ದೊಡ್ಡವನ ಬೋಟಿನ ಕೆಳಗಿನ ಬೋಲ್ಟು ಬಿಚ್ಚಿದೆ. ತೂತಿನಿಂದ ಚಹಾ ಬಣ್ಣದ ನೀರು ತೊಟ್ಟಿಕ್ಕಿತು. ಇಂಜಿನ್ನನ್ನು ಹಿಡಿದು ಅಲ್ಲಾಡಿಸಿದರೆ ಹಲಗೆಯೂ ಜೊತೆಗೆ ಬಾಗುತ್ತಿತ್ತು. ಹೊಳೆಯುವ ಬಣ್ಣದ ಒಳಗೆ ಕಟ್ಟಿಗೆ ಕೊಳೆತು ಮೆತ್ತಗಾಗಿತ್ತು. ನಡು ನೀರಿನಲ್ಲಿ ಜೋರು ಕೊಟ್ಟಿದ್ದರೆ ಇಂಜಿನ್ ಕಳಚಿಕೊಂಡು ಕೆಳಗೆ, ನೀರು ಒಳಗೆ. ಡಾಕ್ಟರರ ತಾಯಿ ಕೂತಿರುವಾಗ.

ಡಾಕ್ಟರ್ ನನ್ನ ಹೆಂಡತಿಗೆ ಕೈ ಮುಗಿದರು. ಮೂವತ್ತು ವರ್ಷದ ಮಿಸ್ತ್ರಿಗಿರಿಯಲ್ಲಿ ನನಗೆ ಯಾರೂ ಹಾಗೆ ಕೈ ಮುಗಿದಿಲ್ಲ, ಆದರೂ ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ. ಅವಳು ಯಾರ ಹೆಂಡತಿ?

ದೊಡ್ಡ ಷಡ್ಡಕನ ಮುಖ ಬಿಳಿಚಿಕೊಂಡಿತು. ಪಾಪ, ಅವನಿಗೂ ಗೊತ್ತಿರಲಿಲ್ಲ, ಬಳಸಿದ್ದನ್ನು ಕೊಂಡಾಗಲೇ ಮೋಸ ಹೋಗಿದ್ದ. ಮೆಲ್ಲಗೆ ಕೇಳಿದ: "ಅಕ್ಕಾ, ಹೊರಗೆ ನನ್ನ ಕಾರು ನಿಂತಿದೆ. ಅದನ್ನೂ ಒಮ್ಮೆ ಬಡಿದು ನೋಡ್ತೀರಾ?"

4. ಇದು ನನ್ನ ಕೇಸಲ್ಲ

ಹೆಂಡತಿ ಗೆದ್ದಳು, ಸರಿ. ಆದರೆ ಮಿಸ್ತ್ರಿಯ ಮಾನವೂ ಉಳಿಯಬೇಕಲ್ಲ? ನಾನು ಸಣ್ಣವನ ಇಂಜಿನ್ನಿಗೆ ಮತ್ತೆ ಗಂಟುಬಿದ್ದೆ. ಡ್ರಮ್ಮಿನಲ್ಲಿ ಓಡಿಸಿ ಸುತ್ತಲೂ ನೋಡಿದೆ. ಆಗ ಹೊಳೆಯಿತು. ಎರಡೂ ಒಂದೇ ಥರದ ಇಂಜಿನ್. ಮೊದಲನೆಯದು ಓಡುವಾಗ ಬದಿಯ ಸಣ್ಣ ತೂತಿನಿಂದ ನೀರು ಧಾರೆಯಾಗಿ ಹಾರುತ್ತಿತ್ತು. ಇದರಲ್ಲಿ ಹನಿಯೂ ಇಲ್ಲ.

"ಡಾಕ್ಟರ್, ಇಂಜಿನ್ ತಂಪಾಗಾಕ ನೀರ ಕುಡೀತೈತಿ. ಕುಡಿದದ್ದು ಹೊರಗ ಬರಬೇಕು. ಇದು ಕುಡಿಯಾಕತ್ತೈತಿ, ಹೊಯ್ಯವಲ್ದು."

ಡಾಕ್ಟರ್ ಗಂಭೀರವಾಗಿ ತಲೆಯಾಡಿಸಿದರು. "ಮಿಸ್ತ್ರಿ, ನಾ ಎಲುಬಿನ ಡಾಕ್ಟರು. ಇದು ನನ್ನ ಕೇಸಲ್ಲ."

ತೂತು ಭಾಳ ಸಣ್ಣದು. ತಂತಿ ಬೇಕಿತ್ತು. ಹೆಂಡತಿ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ಒಂದನ್ನು ತೆಗೆದು ಕೊಟ್ಟಳು. ಅದನ್ನು ನೆಟ್ಟಗೆ ಮಾಡಿ ತೂತಿನೊಳಗೆ ಆಡಿಸಿದೆ. ಒಳಗೆ ಯಾವುದೋ ಹುಳ ಮಣ್ಣಿನ ಗೂಡು ಕಟ್ಟಿತ್ತು. ಅದು ಕಿತ್ತು ಬಂದದ್ದೇ ತಡ, ನೀರು ಚಿರ್ರಂತ ಹಾರಿತು. ಎದುರಿಗೆ ದೊಡ್ಡ ಷಡ್ಡಕ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ.

"ಏಯ್! ನಿನ್ನ ಇಂಜಿನ್ ಆಚೆ ತಿರುಗಿಸೋ!" ಅಂತ ಕೂಗಿದ.

"ನೀನೇ ಆಚೆ ಹೋಗೋ!" ಅಂದ ಸಣ್ಣವ.

ಎಷ್ಟೋ ವರ್ಷದ ಮೇಲೆ ಇಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು. ಒಳಗಿಂದ ಅವರ ಅತ್ತೆ ಸೌಟು ಹಿಡಿದುಕೊಂಡೇ ಓಡಿ ಬಂದರು. "ಮಾತಾಡಿದ್ರಾ? ದೇವರೇ, ಇಬ್ಬರೂ ಮಾತಾಡಿದ್ರಾ? ಬೈದುಕೊಳ್ಳಿ, ಇನ್ನೂ ಸ್ವಲ್ಪ ಬೈದುಕೊಳ್ಳಿ!"

ಅಂದು ನಮಗೆಲ್ಲ ಅವರ ಮನೆಯಲ್ಲೇ ಮೀನಿಲ್ಲದ ಊಟ, ನಮಗಾಗಿ ಬೇರೆ ಒಲೆಯ ಮೇಲೆ ಮಾಡಿದ್ದು. ಷಡ್ಡಕರಿಬ್ಬರೂ ಒಂದೇ ಪಂಕ್ತಿಯಲ್ಲಿ.

5. ಮಿಸ್ತ್ರಿಯ ಶ್ರದ್ಧೆ

ಊಟವಾದ ಮೇಲೆ ಸಣ್ಣವ, "ಒಂದು ಸುತ್ತು ಹೊಡೆದು ನೋಡಿ" ಅಂದ. ಬೋಟು ಸಮುದ್ರಕ್ಕಿಳಿಯಿತು. ನಾವು ಕಂಡದ್ದು ಘಟಪ್ರಭಾ, ಮಲಪ್ರಭಾ. ಅವು ಮುಂದಕ್ಕೆ ಹರಿಯುತ್ತವೆ. ಈ ನೀರು ಮೇಲಕ್ಕೂ ಕೆಳಕ್ಕೂ ಹರಿಯುತ್ತಿತ್ತು. ಎರಡನೆಯ ಅಲೆಗೇ ನನ್ನ ಹೊಟ್ಟೆಯ ಬೋಲ್ಟು ಸಡಿಲವಾಯಿತು.

ಡಾಕ್ಟರರ ಮುಂದೆ ಹೇಗೆ ತೋರಿಸಿಕೊಳ್ಳುವುದು? ಇಂಜಿನ್ನಿನ ಸಪ್ಪಳ ಕೇಳುವವನಂತೆ ಹಿಂದಕ್ಕೆ ಹೋಗಿ, ಬಗ್ಗಿ, ತಲೆ ಹೊರಗೆ ಹಾಕಿದೆ. ದಂಡೆಗೆ ಬರುವವರೆಗೂ ಎತ್ತಲಿಲ್ಲ. ಊಟ ಮಾಡಿದ್ದೆಲ್ಲ ಅರಬ್ಬಿ ಸಮುದ್ರಕ್ಕೆ ಅರ್ಪಣೆಯಾಯಿತು. ಹೆಂಡತಿ ಮುಂದೆ ಕೂತು, "ಇನ್ನೂ ಜೋರ ಬಿಡ್ರಿ!" ಅನ್ನುತ್ತಿದ್ದಳು.

ಇಳಿದ ಮೇಲೆ ಸಣ್ಣ ಷಡ್ಡಕ ನನ್ನ ಕೈ ಹಿಡಿದು ಕುಲುಕಿದ. "ಎಷ್ಟೋ ಮೆಕ್ಯಾನಿಕ್‌ಗಳನ್ನು ನೋಡಿದ್ದೇನೆ ಮಾರಾಯ್ರೇ. ಇಷ್ಟು ಹೊತ್ತು ತಲೆ ಎತ್ತದೆ ಇಂಜಿನ್ ಕೇಳಿದವರು ನೀವೊಬ್ಬರೇ."

6. ಕುಳಗೇರಿ ಕ್ರಾಸಿನಲ್ಲಿ ಪ್ರವಾಹ

ಸಣ್ಣವನ ಬೋಟಿನ ವ್ಯಾಪಾರ ಮುಗಿಸಿ, ಅದನ್ನು ಲಾರಿಗೇರಿಸಿ ಹೊರಟೆವು. ಹೊಸ ಅಂಗಿ ಸಿಕ್ಕ ಮಗುವಿನಂತೆ ಡಾಕ್ಟರ್ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡವರು ತೆಗೆಯಲೇ ಇಲ್ಲ. ಅದರಲ್ಲೇ ಲಾರಿಯ ಕ್ಯಾಬಿನ್ನಿನಲ್ಲಿ ನಿದ್ದೆ ಹೋದರು. ಕುಳಗೇರಿ ಕ್ರಾಸಿಗೆ ಬಂದಾಗ ಚಹಾಕ್ಕೆ ನಿಂತೆವು.

ಹೋಟೆಲಿನ ಮುಂದೆ ಕೂತವರೆಲ್ಲ ಎದ್ದು ನಿಂತರು. ರುಮಾಲಿನ ಹಿರಿಯರೊಬ್ಬರು ಬೋಟನ್ನು ನೋಡಿದರು, ಕಿತ್ತಳೆ ಜಾಕೆಟ್ಟಿನ ಡಾಕ್ಟರರನ್ನು ನೋಡಿದರು, ಏನೂ ಕೇಳದೆ ಫೋನು ತೆಗೆದರು. ಮಲಪ್ರಭಾ ಹೊಳೆ ದಂಡೆಯ ಊರಿನಲ್ಲಿ ಅವರ ಅಳಿಯ ಇದ್ದನಂತೆ.

"ಲೇ ತಮ್ಮಾ, ಡ್ಯಾಮಿನ ನೀರ ಬಿಟ್ಟಂಗ ಐತಿ. ಸರಕಾರದ ಬೋಟ್ ಬಂದೈತಿ, ಸಾಹೇಬರೂ ಬಂದಾರ. ಎಮ್ಮಿ ಬಿಚ್ಚು!"

ನಾನು ಒಳಗೆ ಚಹಾ ಹೇಳಿ ಬರುವಷ್ಟರಲ್ಲಿ ಸುದ್ದಿ ಪಟ್ಟದಕಲ್ಲಿನವರೆಗೆ ಮುಟ್ಟಿತ್ತು. ಪಂಚಾಯ್ತಿ ಮೆಂಬರೊಬ್ಬರು ಮೋಟರ್ ಸೈಕಲ್ ಮೇಲೆ ಧಾವಿಸಿ ಬಂದು ಕ್ಯಾಬಿನ್ನಿನ ಬಾಗಿಲು ಬಡಿದರು.

"ಸಾಹೇಬ್ರ! ನೀರು ಎಲ್ಲಿ ಮಟ ಬಂದೈತ್ರಿ?"

ಡಾಕ್ಟರ್ ಅರೆನಿದ್ದೆಯಲ್ಲಿ ಕಣ್ಣು ತೆರೆಯದೆ ಉತ್ತರ ಕೊಟ್ಟರು. ಯಾವ ಪೇಶಂಟು ಕನಸಿನಲ್ಲಿದ್ದನೋ. "ಮೊಳಕಾಲಾಗ ಬಂದೈತಿ. ಗಾಬರಿ ಆಗಬ್ಯಾಡ್ರಿ. ಸೂಜಿ ಹಾಕಿ ತಗದಬಿಡತೇನಿ."

ಮೆಂಬರು ಎರಡು ಹೆಜ್ಜೆ ಹಿಂದೆ ಸರಿದರು. ಹೋಟೆಲಿನ ಕಡೆ ತಿರುಗಿ, ಭಕ್ತಿಯಿಂದಲೇ ಹೇಳಿದರು: "ಸೂಜಿ ಹಾಕಿ ಹೊಳಿ ನೀರ ತಗೀತಾರಂತ! ವಿಜ್ಞಾನ ಎಲ್ಲಿಗೆ ಮುಟ್ಟೇತಿ ನೋಡ್ರಿ."

ನಾನು ಓಡಿ ಹೋಗಿ ಎಲ್ಲ ಬಿಡಿಸಿ ಹೇಳಿದೆ. ಹಿರಿಯರು ಫೋನು ಮಾಡಿ ಅಳಿಯನಿಗೆ ಎಮ್ಮೆ ತಿರುಗಿ ಕಟ್ಟಲು ಹೇಳಿದರು. ಬೈಗುಳ ಬೀಳುತ್ತದೆಂದುಕೊಂಡಿದ್ದೆ. ಅವರು ನಮ್ಮ ಚಹಾದ ದುಡ್ಡು ತಾವೇ ಕೊಟ್ಟರು. "ಇಷ್ಟ ದಿವಸ ಬೋಟ್ ಬಂತಂದ್ರ ನಮಗ ಕಷ್ಟ ಬಂತಂತ ಅರ್ಥ. ಖುಷಿಗಂತ ಬೋಟ್ ಬಂದದ್ದು ಇದ ಮೊದಲು. ನಡೀರಿ, ಒಂದ ಫೋಟೋ ತೆಗೆಯೂಣು."

ಫೋಟೋದಲ್ಲಿ ಹದಿನೈದು ಮಂದಿ ನಿಂತಿದ್ದಾರೆ. ನಿದ್ದೆಯಿಂದೆದ್ದ ಡಾಕ್ಟರ್ ನಡುವೆ ನಿಂತು ಪಕ್ಕದವರನ್ನು ಕೇಳುತ್ತಿದ್ದಾರೆ: "ಪೇಶಂಟ್ ಎಲ್ಲಿ?"

7. ಹಳೇ ಓಣಿ

ಪರವಾನಗಿಯ ಕಾಗದಗಳಾದವು, ಡಾಕ್ಟರ್ ಓಡಿಸುವುದನ್ನು ಕಲಿತರು. ಹಿನ್ನೀರು ತುಂಬಿ ನಿಂತ ಒಂದು ಬೆಳಿಗ್ಗೆ ತಾಯಿಯನ್ನು ಕರೆತಂದರು. ಹೊಸ ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೋಲು. ಲೈಫ್ ಜಾಕೆಟ್ ಹಾಕಲು ಹೋದರೆ ಕೋಲು ಎತ್ತಿದರು.

"ಈ ಚೀಲ ಎದಕ್ಕ? ಸೀರಿ ಕಾಣೂದಿಲ್ಲ."

"ಅವ್ವಾ, ಮುಳಗಬಾರದಂತ."

"ಮುಳಗಿದ್ರ ನಮ್ಮ ಓಣ್ಯಾಗ ಮುಳಗತೇನಿ. ಗುರುತಿನ ಮಂದಿ ಇರತಾರ."

ಕಡೆಗೆ ನನ್ನ ಹೆಂಡತಿ ಜಾಕೆಟ್ಟನ್ನು ಒಳಗೆ ತೊಡಿಸಿ, ಮೇಲೆ ಸೆರಗು ಹೊದಿಸಿ ರಾಜಿ ಮಾಡಿದಳು. ಮುಂದಿನ ಸೀಟಿನಲ್ಲಿ ಅವರು, ಒಂದು ಬದಿಗೆ ಸ್ಟೀರಿಂಗ್ ಹಿಡಿದ ಡಾಕ್ಟರ್, ಇನ್ನೊಂದು ಬದಿಗೆ ನನ್ನ ಹೆಂಡತಿ, ಹಿಂದೆ ಇಂಜಿನ್ನಿನ ಹತ್ತಿರ ನಾನು. ಇಂಜಿನ್ ಮೊದಲ ಎಳೆತಕ್ಕೇ ಎದ್ದಿತು. ಬದಿಯಲ್ಲಿ ನೀರಿನ ಧಾರೆ ಸಣ್ಣಗೆ ಹಾರುತ್ತಿತ್ತು. ಇಂಜಿನ್ನು ಮಗನ ಹಾಗೆ ಹೇಳಿದ ಮಾತು ಕೇಳುವಾಗ ಮಿಸ್ತ್ರಿಗೆ ಆಗುವ ಹೆಮ್ಮೆ ಬೇರೆಯವರಿಗೆ ತಿಳಿಯುವುದಿಲ್ಲ.

ಸುತ್ತಲೂ ನೀರೇ ನೀರು. ಡಾಕ್ಟರ್, "ಅವ್ವಾ, ನಮ್ಮ ಮನಿ ಅಂದಾಜು ಅಲ್ಲೆ ಎಲ್ಲೋ ಇತ್ತು" ಅಂತ ಬೆರಳು ತೋರಿಸಿ ಬೋಟನ್ನು ನೇರ ಬಿಟ್ಟರು.

ಕೋಲು ಸೀಟಿನ ಮೇಲೆ ಬಿತ್ತು. "ಎಲ್ಲಿ ಹೊಂಟಿ? ಅದು ಪತ್ತಾರರ ಮನಿ! ಮಂದಿ ಮನಿಯೊಳಗ ಹಾದು ಹೋಗತಿಯೇನು? ಎಡಕ್ಕ ಹೊಳ್ಳಸು!"

ಡಾಕ್ಟರ್ ಎಡಕ್ಕೆ ಹೊರಳಿಸಿದರು.

"ಅಮ್ಮಾರ, ನಿಮಗ ಹೆಂಗ ತಿಳೀತೈತ್ರಿ?" ಅಂತ ನನ್ನ ಹೆಂಡತಿ ಕೇಳಿದಳು.

"ಯವ್ವಾ, ದಂಡಿ ಮ್ಯಾಲಿನ ಆ ಗುಡಿ ಶಿಖರ ನೋಡು, ಈ ಕಡೆ ನೀರಿನ ಟಾಕಿ ನೋಡು. ಅವೆರಡರ ನಡುವ ನಮ್ಮ ಓಣಿ. ಮದಿವಿಯಾಗಿ ಬಂದ ದಿನದಿಂದ ಕೊಡ ಹೊತ್ತು ನಡದೇನಿ. ಕಾಲು ಮರೀತಾವೇನು?"

ಅಲ್ಲಿಂದ ಮುಂದೆ ಅಷ್ಟಗಲ ನೀರಿನಲ್ಲಿ ನಾವು ಎರಡಾಳು ಅಗಲದ ಓಣಿಯಲ್ಲಿ ಹೋದಂತೆ ಹೋದೆವು. "ನಿಧಾನ, ಸಾಲಿ ಬಂತು, ಹುಡುಗರು ಓಡಿ ಬರತಾವ." ನಿಧಾನವಾದೆವು. "ಬಲಕ್ಕ ತಗೋ, ನಡುವ ಬಾವಿ ಐತಿ." ಬಲಕ್ಕೆ ತೆಗೆದುಕೊಂಡೆವು. "ಇಲ್ಲೆ ಹಿಟ್ಟಿನ ಗಿರಣಿ." ನನ್ನ ಹೆಂಡತಿ ನಿಜವಾಗಿಯೂ ಬಗ್ಗಿ ನೋಡಿದಳು. ದಂಡೆಯಲ್ಲಿ ನಿಂತವರಿಗೆ ಡಾಕ್ಟರ್ ಕುಡಿದು ಓಡಿಸುತ್ತಿದ್ದಾರೆ ಅನ್ನಿಸಿರಬೇಕು. ನನಗಂತೂ ಒಂದು ಇಡೀ ಊರು ಆ ಮುದುಕಿಯ ಕೋಲಿನ ತುದಿಯಲ್ಲಿ ಎದ್ದು ನಿಂತಂತೆ ಕಂಡಿತು.

"ನಿಲ್ಲಸು. ಮನಿ ಬಂತು."

ಡಾಕ್ಟರ್ ಇಂಜಿನ್ ಬಂದ್ ಮಾಡಿದರು. ಬೋಟು ಮೆಲ್ಲಗೆ ತೂಗುತ್ತ ನಿಂತಿತು. ತಾಯಿ ಎರಡೂ ಕೈ ಜೋಡಿಸಿ ನೀರಿಗೆ ನಮಸ್ಕಾರ ಮಾಡಿದರು. ಡಾಕ್ಟರ್ ಕಣ್ಣು ಒರೆಸಿಕೊಂಡರು.

ಆಮೇಲೆ ತಾಯಿ ಆ ಕಡೆ ನೋಡಿದರು, ಈ ಕಡೆ ನೋಡಿದರು. ಹುಬ್ಬು ಗಂಟಿಕ್ಕಿತು. ಮಗನ ತೋಳು ಎಳೆದು, ಯಾರಿಗೋ ಕೇಳಿಸೀತು ಅನ್ನುವಂತೆ ದನಿ ತಗ್ಗಿಸಿ ಹೇಳಿದರು:

"ತಮ್ಮಾ, ಇಲ್ಲಿ ನಿಲ್ಲಿಸಬ್ಯಾಡ. ಬಾಜೂ ಮನಿಯಾಕಿ ಬಾಗಲಕ್ಕ ಅಡ್ಡ ಆಗೇತಿ. ಆಕಿ ಬಾಯಿ ಭಾಳ ಕೆಟ್ಟದ್ದು."

ಊರಿಗೆಲ್ಲ ಎಲುಬು ಕೂಡಿಸುವ ಡಾಕ್ಟರ್ ಇಂಜಿನ್ ಚಾಲೂ ಮಾಡಿಸಿ, ಹಿಂದೆ ಮುಂದೆ ನೋಡಿಕೊಂಡು, ಬೋಟನ್ನು ಎರಡು ಮಾರು ಹಿಂದಕ್ಕೆ ತೆಗೆದು ನಿಲ್ಲಿಸಿದರು.